ಕೇಳೂಟದ ಮೇಕೆ

ನಮ್ಮೂರಲ್ಲಿ ಬಾಡು ಕೊಳ್ಳಲು ಬಂದವರು ಮಾಂಸ ನೋಡುವುದಕ್ಕಿಂತ ಮುಂಚೆ ಕಿವಿ ನೋಡುತ್ತಾರೆ. ಬುಡೇನ್‌ಸಾಬ್ ತನ್ನ ಅಂಗಡಿಯಲ್ಲಿ ತೊಡೆ ತೂಗುಹಾಕಿದ ಕೊಕ್ಕೆಯ ಪಕ್ಕದಲ್ಲೇ ಆ ಮೇಕೆಯ ತಲೆಯನ್ನೂ ಇಟ್ಟಿರುತ್ತಾನೆ, ಗಿರಾಕಿಗೆ ಅನುಮಾನ ಬರಬಾರದು ಅಂತ. ಅನುಮಾನ ಬಂದೇ ಬರುತ್ತದೆ. "ಈ ತಲೆ ಈ ಮೈದೇನಾ ಸಾಬ್ರೆ?" ಅಂತ ಕೇಳದೆ ಯಾರೂ ಚೀಲ ಬಿಚ್ಚುವುದಿಲ್ಲ. "ಹೊಲಿದು ತೋರಿಸ್ಲಾ?" ಅಂತ ಅವನು.

ಮೋಟುಗಿವಿಯದಾದರೆ ಅದು ಗುಡ್ಡದ ನಾಟಿ ತಳಿ. ಮುಳ್ಳುಗಿಡ, ಬೋರೆಹಣ್ಣು, ಜಾಲಿಕಾಯಿ ತಿಂದು ದಿನವಿಡೀ ಬಂಡೆ ಹತ್ತಿ ಇಳಿದು ಬೆಳೆದದ್ದು. ಮಾಂಸ ಕೆಂಪಗೆ ಬಿಗಿಯಾಗಿರುತ್ತದೆ, ಕೊಬ್ಬು ಹುಡುಕಿದರೂ ಸಿಕ್ಕುವುದಿಲ್ಲ, ಬೇಯಲು ಹೊತ್ತು ಹಿಡಿಯುತ್ತದೆ. ಆದರೆ ತಿಂದವರ ಕಿವಿಗೆ ಕೇಳುವುದು ಗಾಳಿ, ಕೊರಳಗಂಟೆ, ಎಲ್ಲೋ ದೂರದಲ್ಲಿ ಕುರಿಗಾಹಿ ಕೆಮ್ಮಿದ ಸದ್ದು, ಅಷ್ಟೇ. ಬಾಣಂತಿಯರಿಗೆ, ಜ್ವರದಿಂದ ಎದ್ದವರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಅದೇ ಸರಿ. ಜೋಲುಗಿವಿಯದು ಮನೆಯಲ್ಲಿ ಕಟ್ಟಿ ಮೇಯಿಸುವ ಜಾತಿ. ಹಿಂಡಿ, ಬೂಸಾ, ಹುರುಳಿ ನುಚ್ಚು ತಿಂದು ಮೆತ್ತಗೆ ಬೆಳೆದಿರುತ್ತದೆ. ಬೆರಳಿಟ್ಟರೆ ಜಾರುವಂಥ ಬಿಳಿ ಕೊಬ್ಬು. ಮೇಕೆ ಕೇಳಿಸಿಕೊಂಡ ಮಾತು ಉಳಿಯುವುದು ಆ ಕೊಬ್ಬಿನಲ್ಲೇ. ಮೇವು ಹಾಕುತ್ತಾ ಯಾರು ಏನು ಆಡಿದ್ದರೋ ಅದೆಲ್ಲ ತಿಂದವರ ಕಿವಿಯಲ್ಲಿ ತುತ್ತು ತುತ್ತಿಗೆ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಮೇಷ್ಟರ ಮನೆಯವರು ನೋಡದೆ ಜೋಲುಗಿವಿ ಬಾಡು ತಂದು, ಯಾವುದೋ ಊರಿನ ಯಾವಳೋ ಸೊಸೆ ತನ್ನ ಅತ್ತೆಯನ್ನು ಬೈದದ್ದನ್ನು ಊಟ ಮುಗಿಯುವ ತನಕ ಕೇಳಿದರಂತೆ. ಮೇಷ್ಟರ ಹೆಂಡತಿ ಇನ್ನೊಂದು ಸೌಟು ಬಡಿಸಿಕೊಂಡರು ಅಂತ ಮೇಷ್ಟರೇ ಹೇಳಿದ್ದು.

ನಾನು ಚಿಕ್ಕೀರಯ್ಯ. ಮೇಕೆ ಸಾಕುವುದನ್ನು ನನಗೆ ಯಾರೂ ಕಲಿಸಿದ್ದಲ್ಲ, ಮೇಕೆಗಳೇ ಕಲಿಸಿದ್ದು. ಯಾವ ಸೊಪ್ಪಿಗೆ ಮೈ ಬರುತ್ತದೆ, ಯಾವ ಸೊಪ್ಪಿಗೆ ಮಾಂಸ ಕಹಿಯಾಗುತ್ತದೆ, ಹೋತಕ್ಕೆ ಎಷ್ಟನೇ ತಿಂಗಳಲ್ಲಿ ಬೀಜ ಒಡೆಸಿದರೆ ನಾತ ಬರುವುದಿಲ್ಲ, ಎಲ್ಲ ಬಲ್ಲೆ. ನನಗಿರುವ ಊನ ಒಂದೇ, ಬಾಯಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ನನ್ನ ಮೇಕೆಗಳು. ಮಾತು ಎಲ್ಲಿಗಾದರೂ ಹೋಗಲೇಬೇಕಲ್ಲ. ಹಾಗಾಗಿ ನಾನು ಸಾಕಿದ್ದನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ, ಪರವೂರಿನ ಸಂತೆಗೆ ಹೋಗುತ್ತವೆ. "ಚಿಕ್ಕೀರಣ್ಣನ ಮೇಕೆ ಒಂದು ತುಂಡು ತಿಂದ್ರೆ ಸಾಕು, ಕೈ ಒಣಗಿದ್ರೂ ಕಥೆ ಮುಗಿಯಲ್ಲ" ಅಂತ ಬುಡೇನ್‌ಸಾಬ್ ನನ್ನೆದುರಿಗೇ ಹೇಳುತ್ತಾನೆ.

ಇಂಥ ನನ್ನ ಕೈಗೆ ನನ್ನ ಅಕ್ಕನ ಮಗಳು ಚಂಪಕಳ ಕೇಳೂಟದ ಮೇಕೆ ಬಂತು.

ಕೇಳೂಟ ಅಂದರೆ, ನಮ್ಮಲ್ಲಿ ಮದುವೆ ಗೊತ್ತಾಗುವ ಮುಂಚೆ ಹೆಣ್ಣಿನ ಕಡೆಯವರು ಒಂದು ಮರಿಯನ್ನು ಹತ್ತು ತಿಂಗಳು ಮೇಯಿಸಿ ಅದರ ಬಾಡನ್ನು ಗಂಡಿನ ಕಡೆಯವರಿಗೆ ಬಡಿಸಬೇಕು. ಆ ಮನೆಯ ಮಾತು ಎಂಥದ್ದು ಅಂತ ಕೇಳಿದ ಮೇಲೇ ಅವರ ತೀರ್ಮಾನ. ಒಪ್ಪಿಗೆಯಾದರೆ ಉಂಡ ಎಲೆಯನ್ನು ಮಡಿಸುತ್ತಾರೆ, ಇಲ್ಲದಿದ್ದರೆ ಮಡಿಸದೆ ಏಳುತ್ತಾರೆ. ಎರಡು ಮನೆಯವರು ಮಡಿಸದೆ ಎದ್ದ ಹುಡುಗಿಯ ಬಾಗಿಲಿಗೆ ಮೂರನೆಯವರು ಬರುವುದಿಲ್ಲ. ಚಂಪಕಳಿಗೆ ಒಂದು ಆಗಿಹೋಗಿತ್ತು. ಮೂರು ವರ್ಷದ ಹಿಂದೆ ಅಕ್ಕ ಸಾವಂತ್ರಮ್ಮ ತನ್ನ ಮನೆಯಲ್ಲೇ ಮರಿ ಕಟ್ಟಿದ್ದಳು. ಭಾವ ಮರಿಯಪ್ಪ ಕೊಟ್ಟಿಗೆಯಲ್ಲಿ ನಿಂತು ಅವಳನ್ನು ಕೂಗಾಡಿದ್ದೆಲ್ಲ ಹದಿನಾಲ್ಕು ಜನ ಬೀಗರ ಕಿವಿಗೆ ಹೋಯಿತು. ಭಾವ ಕೆಟ್ಟವನಲ್ಲ. ಕೂಗಿ ಮರೆತುಬಿಡುವ ಮನುಷ್ಯ. ಮೇಕೆ ಮರೆಯುವುದಿಲ್ಲ.

ಈ ಸಲ ಅಕ್ಕ ಮರಿಯನ್ನು ಹುಡುಕುವ ಮೊದಲೇ ನನ್ನ ಮನೆಗೆ ಬಂದಳು. "ಸೋದರಮಾವ ಸಾಕಿದ್ರೂ ಆಯ್ತದೆ ಅಂತ ಹಿಂದಿನಿಂದ ಇದೆ. ನಿನ್ನ ಮನೇಲೇ ಕಟ್ಟು. ಆದ್ರೆ ಬಾಯಿಗೆ ಬೀಗ ಹಾಕ್ಕೊಬೇಕು ನೀನು."

"ಒಂದು ಮಾತೂ ಇಲ್ದೆ ಇದ್ರೆ ಏನೋ ಬಚ್ಚಿಟ್ಟವ್ರೆ ಅಂತಾರಲ್ಲಕ್ಕ ಅವ್ರು."

"ಅದಕ್ಕೇ ಬರ್ಕೊಂಡು ಬಂದಿದೀನಿ."

ಸೆರಗಿನ ಗಂಟಿನಿಂದ ಒಂದು ಹಾಳೆ ತೆಗೆದಳು. ಹನ್ನೊಂದು ವಾಕ್ಯ. 'ಚಂಪಕ, ಕಾಲು ತೊಳ್ಕೊಂಡು ದೀಪ ಹಚ್ಚಮ್ಮ.' 'ಅತ್ತೆ ಅಂದ್ರೆ ತಾಯಿಗಿಂತ ಒಂದು ಕೈ ಮೇಲು.' ಹೀಗೇ. ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ ಮೇವು ಹಾಕುತ್ತಾ ಓದಬೇಕು. "ನನ್ನ ಗಂಡು ಗಂಟಲಲ್ಲಿ ಇದನ್ನ ಓದಿದ್ರೆ ನಗ್ತಾರೆ ಕಣಕ್ಕ" ಅಂದೆ. "ನಗಲಿ. ನಕ್ಕೋರು ಎಲೆ ಮಡಿಸ್ತಾರೆ" ಅಂದಳು.

ಮರಿ ಆರಿಸುವುದರಲ್ಲೇ ಒಂದು ವಾರ ಹೋಯಿತು. ಮೋಟುಗಿವಿ ತಂದರೆ ಮುಚ್ಚಿಡುತ್ತಿದ್ದಾರೆ ಅನ್ನುತ್ತಾರೆ, ಜೋಲುಗಿವಿ ತಂದರೆ ನಾಟಕ ಆಡುತ್ತಿದ್ದಾರೆ ಅನ್ನುತ್ತಾರೆ. ಕೊನೆಗೆ ಬೆರಕೆ ತಂದೆ. ತಾಯಿ ಗುಡ್ಡದ್ದು, ತಂದೆ ಜೋಲುಗಿವಿ. ಕಿವಿ ಕೆನ್ನೆಯವರೆಗೆ ಬಂದು ಅಲ್ಲಿಗೇ ನಿಂತಿತ್ತು. ಕಂದು ಮೈ, ಎಡಗಣ್ಣಿನ ಸುತ್ತ ಬಿಳಿ. ಬೆಳಗ್ಗೆ ಬೂಸಾ, ಮಧ್ಯಾಹ್ನ ಬೋರೆ ಸೊಪ್ಪು, ಸಂಜೆ ಒಂದು ಹಿಡಿ ಹಿಂಡಿ. ಹೆಚ್ಚು ಕೊಬ್ಬೂ ಬೇಡ, ತೀರಾ ಬತ್ತಿದ ಮೈಯೂ ಬೇಡ. ಹಾಳೆ ಓದಿ ಬಾಯಿಗೆ ಟವಲು ಕಟ್ಟಿಕೊಂಡು ಹೊರಗೆ ಬರುತ್ತಿದ್ದೆ.

ಮೂರನೆಯ ತಿಂಗಳಲ್ಲಿ, ಈ ಸಲ ಚಂಪಕಳನ್ನು ನೋಡಿಹೋಗಿದ್ದ ಹುಡುಗನ ದೊಡ್ಡಪ್ಪ ಮಾಯಿಗಯ್ಯ ಹೇಳದೆ ಕೇಳದೆ ಬಂದರು. ಸಂತೆಯಲ್ಲಿ ತಕ್ಕಡಿಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದವರು. ನೆಟ್ಟಗಿರುವ ವಸ್ತು ಕಂಡರೆ ಅವರಿಗೆ ಇನ್ನೂ ಅನುಮಾನ ಜಾಸ್ತಿ. ಜೊತೆಯಲ್ಲಿ ಹುಡುಗನ ತಾಯಿ ಗಿರಿಯಮ್ಮ. ಮಾಯಿಗಯ್ಯನವರ ತೀರಿಹೋದ ತಮ್ಮನ ಹೆಂಡತಿ ಈಕೆ.

"ಬೆರಕೆ ಯಾಕೆ ತಂದ್ರಿ?" ಅಂದರು ಮಾಯಿಗಯ್ಯ.

"ಮೋಟುಗಿವಿ ಆದ್ರೆ ಒಂದು ಅಂತಿದ್ರಿ, ಜೋಲುಗಿವಿ ಆದ್ರೆ ಇನ್ನೊಂದು ಅಂತಿದ್ರಿ."

"ಈಗ ಎರಡೂ ಅಂತೀನಿ."

ಕೂತು ಬೆನ್ನುಮೂಳೆ ಒತ್ತಿ ನೋಡಿದರು, ಪಕ್ಕೆ ಹಿಸುಕಿದರು. ಒಂದು ಹಿಕ್ಕೆ ತೆಗೆದು ಬೆರಳಲ್ಲಿ ಪುಡಿಮಾಡಿ ಮೂಸಿದರು. "ಬೇವು ಹಾಕಿಲ್ಲ" ಅಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಇನ್ನೂ ಹಾಕಿಲ್ಲ" ಅಂತ ಸೇರಿಸಿದರು. ಬೇವು, ಜಾಲಿಕಾಯಿ ಹಾಕಿ ಕೊಬ್ಬು ಕರಗಿಸಿ ಮಾತನ್ನು ಮಸುಕು ಮಾಡುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಗಿರಿಯಮ್ಮ ಬಾಗಿಲ ಬಳಿಯೇ ನಿಂತಿದ್ದರು. ಮಜ್ಜಿಗೆ ಕುಡೀತೀರಾ ಅಂತ ಅವರನ್ನು ಕೇಳಿದೆ. "ಅವಳಿಗೆ ಮಜ್ಜಿಗೆ ಆಗಲ್ಲ" ಅಂದರು ಮಾಯಿಗಯ್ಯ. ಕೂತ್ಕೊಳ್ಳಿ ಅಂದೆ. "ಅವಳಿಗೆ ನಿಂತೇ ಅಭ್ಯಾಸ" ಅಂದರು.

ಆರನೆಯ ತಿಂಗಳಲ್ಲಿ ನನ್ನ ಅನುಮಾನ ಶುರುವಾಯಿತು. ಮಂಗಳವಾರ ಮಂಗಳವಾರ ನಾನು ಸೊಪ್ಪು ಕೊಯ್ಯಲು ಗುಡ್ಡಕ್ಕೆ ಹೋಗುತ್ತೇನೆ. ಒಂದು ಮಂಗಳವಾರ ಬಂದು ನೋಡಿದರೆ ಗೋದಲಿಯಲ್ಲಿ ಹಲಸಿನ ಎಲೆಯ ತೊಟ್ಟುಗಳು ಬಿದ್ದಿವೆ. ನಾನು ಹಲಸಿನ ಸೊಪ್ಪು ಹಾಕುವವನೇ ಅಲ್ಲ. ಮೇಕೆಗಳು ಅದಕ್ಕೆ ಪ್ರಾಣ ಬಿಡುತ್ತವೆ, ಮೈ ತುಂಬಿಕೊಳ್ಳುತ್ತದೆ, ಮಾತು ಚಿಗುರಿನಷ್ಟು ಹಸಿಯಾಗಿ ಉಳಿಯುತ್ತದೆ. ಮುಂದಿನ ಮಂಗಳವಾರವೂ ತೊಟ್ಟು. ಅದರ ಮುಂದಿನದ್ದೂ. ಯಾರೋ ಬಂದು ನನ್ನ ಮೇಕೆಗೆ ಮೇವು ಹಾಕಿ ಹೋಗುತ್ತಿದ್ದಾರೆ. ಬರೀ ಮೇವು ಹಾಕಿ ಸುಮ್ಮನೆ ಹೋಗುವವರು ಈ ಊರಲ್ಲಿ ಯಾರಿದ್ದಾರೆ? ಏನೋ ಹೇಳಿಯೇ ಹೋಗುತ್ತಾರೆ. ಯಾರದೋ ಹೊಟ್ಟೆಕಿಚ್ಚು, ಯಾರದೋ ಚಾಡಿ, ಕೇಳೂಟದ ದಿನ ಬೀಗರ ಕಿವಿಯಲ್ಲಿ ಬಿಚ್ಚಿಕೊಂಡರೆ ಚಂಪಕಳ ಬಾಳು ಅಲ್ಲಿಗೆ ಮುಗಿಯಿತು.

ಮೊದಲು ಪಕ್ಕದ ಮನೆಯ ದುಂಡಮ್ಮನ ಮೇಲೆ ಕಣ್ಣು ಹೋಯಿತು. ಅವಳ ಹಿತ್ತಲಲ್ಲಿ ಹಲಸಿದೆ, ಮದುವೆಗಿರುವ ಮಗಳೂ ಇದ್ದಾಳೆ. ಬೇಲಿಯಾಚೆ ನಿಂತು, "ನಿಮ್ಮ ಹಲಸಿನ ಮರ ಯಾಕೆ ಬೋಳಾಗ್ತಾ ಇದೆ?" ಅಂದೆ.

"ನಿನ್ನ ತಲೆ ಯಾಕೆ ಬೋಳಾಗ್ತಾ ಇದೆ?" ಅಂದಳು. "ಹತ್ತು ವರ್ಷದಿಂದ ನಿನ್ನ ಕಥೆ ಬೇಲಿ ಮೇಲಿಂದಾನೇ ಕೇಳಿ ಸಾಕಾಗಿದೆ ನನಗೆ. ನಿನ್ನ ಮೇಕೆ ಹತ್ರ ಬೇರೆ ಬಂದು ಕೂರ್ಲಾ?"

ಆಮೇಲೆ ಮಾಯಿಗಯ್ಯನ ಮೇಲೆ ಹೋಯಿತು. ತಾವೇ ಕೆಟ್ಟ ಮಾತು ತುಂಬಿ ತಾವೇ ಕೇಳಿ ಎದ್ದುಹೋಗುವ ಉಪಾಯ ಯಾಕಿರಬಾರದು? ಆಮೇಲೆ ಭಾವನ ಮೇಲೆ. ಅನುಮಾನ ಒಂದು ಸಲ ಒಳಗೆ ಬಂದರೆ ಮೇಕೆಯ ಹಾಗೆ, ಇದು ಬಿಟ್ಟು ಅದು, ಅದು ಬಿಟ್ಟು ಇನ್ನೊಂದು, ಎಲ್ಲಕ್ಕೂ ಬಾಯಿ ಹಾಕುತ್ತದೆ. ನೆಲಕ್ಕೆ ಬೂದಿ ಚೆಲ್ಲಿ ಹೋದೆ, ಹೆಜ್ಜೆ ಮೂಡಲಿ ಅಂತ. ಬಂದು ನೋಡಿದರೆ ಬೂದಿಯನ್ನೇ ಗುಡಿಸಿ ಮೂಲೆಗೆ ಒಟ್ಟಿದ್ದರು. ಒಂದು ಮಂಗಳವಾರ ಗುಡ್ಡಕ್ಕೆ ಹೋದಂತೆ ಮಾಡಿ ಹುಲ್ಲಿನ ಬಣವೆಯ ಹಿಂದೆ ಕೂತೆ. ಯಾರೂ ಬರಲಿಲ್ಲ, ಬುಧವಾರ ನಾನು ರೇಷನ್ ಅಂಗಡಿಯಿಂದ ಬರುವಷ್ಟರಲ್ಲಿ ತೊಟ್ಟು ಬಿದ್ದಿತ್ತು.

ಬುಡೇನ್‌ಸಾಬನ ಹತ್ತಿರ ಹೋದೆ. ಅವನು ಕತ್ತಿ ಮಸೆಯುತ್ತಾ ಎಲ್ಲ ಕೇಳಿ, "ಕೊನೆ ನಲವತ್ತು ದಿನ ಹಿಂಡಿ ನಿಲ್ಲಿಸು, ಜಾಲಿಕಾಯಿ ಹಾಕು, ತೆಳ್ಳಗಾಗ್ತದೆ" ಅಂದ.

"ಆ ಮನುಷ್ಯ ಬೆನ್ನುಮೂಳೆ ಮುಟ್ಟಿ ನೋಡಿ ಹೋಗಿದಾನೆ. ಮೈ ಇಳಿದ್ರೆ ಅಲ್ಲೇ ಗೊತ್ತಾಗ್ತದೆ."

"ಹಂಗಾದ್ರೆ ಇನ್ನೊಂದೇ ದಾರಿ." ಸುತ್ತ ನೋಡಿದ. ಅವನ ಅಂಗಡಿಯಲ್ಲಿ ಆಗ ತೂಗುತ್ತಿದ್ದದ್ದು ಮೋಟುಗಿವಿ ಒಂದೇ, ಆದರೂ ದನಿ ಇಳಿಸಿದ. "ಗುಡ್ಡದಲ್ಲಿ ಇಂಥದ್ದೇ ಬಣ್ಣದ್ದು ಸಿಕ್ಕೇ ಸಿಕ್ತದೆ. ನಾನು ಏನೂ ಹೇಳಿಲ್ಲ ಚಿಕ್ಕೀರಣ್ಣ."

ಸಿಕ್ಕಿತು. ಅದೂ ಬೆರಕೆಯೇ, ಆದರೆ ಹುಟ್ಟಿದಾಗಿನಿಂದ ಮಂದೆಯ ಜೊತೆ ಗುಡ್ಡದಲ್ಲೇ ಮೇದದ್ದು. ಅದೇ ಕಂದು, ಎಡಗಣ್ಣಿಗೆ ಅದೇ ಬಿಳಿ. ಅದನ್ನು ತಿಂದರೆ ಗಾಳಿ ಕೇಳೀತು, ಹಕ್ಕಿ ಕೇಳೀತು. ಮಾಯಿಗಯ್ಯ ಅನುಮಾನ ಪಡುತ್ತಾರೆ, ನಿಜ. ಆದರೆ ಗಾಳಿಯ ಸದ್ದು ಕೇಳಿ ಎಲೆ ಮಡಿಸದೆ ಎದ್ದವರನ್ನು ನಾನಂತೂ ಕಂಡಿಲ್ಲ. ಊಟದ ಹಿಂದಿನ ದಿನ ಅದನ್ನು ತಂದು ಹಿತ್ತಲಲ್ಲಿ ಕಟ್ಟಿದೆ. ಅಕ್ಕನಿಗೂ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಚಂಪಕ ಮಸಾಲೆ ಅರೆಯಲು ಬಂದಳು. ನಾನು ಗುಡ್ಡದ ಮೇಕೆಯ ಹಗ್ಗ ಹಿಡಿದು ಬುಡೇನ್‌ಸಾಬ್ ಕೂತಿದ್ದ ಕಡೆಗೆ ಹೊರಟಿದ್ದೆ.

"ಮಾವ, ಅದಲ್ಲ" ಅಂದಳು.

"ಇದೇ ಕಣಮ್ಮ."

"ಅದರ ಗೊರಸು ನೋಡು, ಬಂಡೆ ಮೇಲೆ ಓಡಾಡಿ ಸವೆದಿದೆ. ನಮ್ಮದು ಅಂಗಳಾನೇ ದಾಟಿಲ್ಲ."

ಇಪ್ಪತ್ತಾರು ವರ್ಷದ ಹುಡುಗಿ, ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ, ಹಬ್ಬಕ್ಕೆ ಬಿಟ್ಟರೆ ನನ್ನ ಮನೆಗೆ ಬಂದದ್ದು ನೆನಪಿಲ್ಲ. ನಮ್ಮ ಮೇಕೆಯ ಗೊರಸು ಇವಳಿಗೆ ಹೇಗೆ ಗೊತ್ತು? ಅವಳ ಮುಖ ನೋಡಿದೆ. ಗುಡಿಸಿ ಒಟ್ಟಿದ್ದ ಬೂದಿ ನೆನಪಾಯಿತು. ಟೈಲರ್ ಅಂಗಡಿಗೆ ಮಂಗಳವಾರ ರಜೆ.

"ನೀನಾ?" ಅಂದೆ. "ಆ ಒಂದು ಸಲ ಬುಧವಾರ ಬಂದಿದ್ದೂ?"

"ಬಣವೆ ಹಿಂದಿಂದ ನಿನ್ನ ಬೀಡಿ ಹೊಗೆ ಬರ್ತಿತ್ತು ಮಾವ."

"ಏನು ಹೇಳಿದೀಯ ಅದಕ್ಕೆ?"

ಅವಳು ಒಳಗೆ ಹೋಗಿ ನಮ್ಮ ಮೇಕೆಯನ್ನು ಬಿಚ್ಚಿ ತಂದಳು. ಅದು ಅವಳ ಮೊಣಕೈಗೆ ಮೂತಿ ತಿಕ್ಕುತ್ತಾ ಬಂತು, ಹತ್ತು ತಿಂಗಳು ಸಾಕಿದ ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. "ಹೋದ ಸಲ ಅಪ್ಪನ ಮಾತು ಕೇಳಿ ಎದ್ದು ಹೋದ್ರು" ಅಂದಳು. "ಈ ಸಲ ಅಮ್ಮ ಬರೆದಿದ್ದು ಕೇಳಿ ಒಪ್ಪಿದ್ರೂ ಅಷ್ಟೇ, ಗಾಳಿ ಕೇಳಿ ಒಪ್ಪಿದ್ರೂ ಅಷ್ಟೇ. ಹೋಗಿ ಬದುಕೋಳು ನಾನಲ್ವಾ?"

"ಎದ್ದು ಹೋದ್ರೆ ಇನ್ನೊಬ್ರು ಬರಲ್ಲ ಮಗಾ."

"ಗೊತ್ತು."

ಅವಳು ಕೊಟ್ಟದ್ದೂ ಸೇರಿ ಎರಡು ಕೈಯಲ್ಲಿ ಎರಡು ಹಗ್ಗ ಹಿಡಿದು ನಾನು ನಿಂತೇ ಇದ್ದೆ. ಬುಡೇನ್‌ಸಾಬ್ ಕತ್ತಿ ಒರೆಸುತ್ತಾ, "ಯಾವುದಾದ್ರೂ ಒಂದು ಕೊಡಪ್ಪಾ, ಬಿಸಿಲು ಏರ್ತದೆ" ಅಂದ.  ಗುಡ್ಡದ್ದನ್ನು ಬೇಲಿಗೂಟಕ್ಕೆ ಕಟ್ಟಿ ಚಂಪಕಳದ್ದನ್ನು ಕೊಟ್ಟೆ. ಚರ್ಮ ಬಿಡಿಸಿ ಹೊಟ್ಟೆ ತೆರೆದಾಗ ಮೂತ್ರಪಿಂಡದ ಸುತ್ತ ಬೆಣ್ಣೆಯ ಹಾಗೆ ಕೊಬ್ಬು ಕಟ್ಟಿತ್ತು. "ಇದ್ರಲ್ಲಿ ಬಹಳ ಇದೆ ಚಿಕ್ಕೀರಣ್ಣ" ಅಂದ ಬುಡೇನ್‌ಸಾಬ್. ಮಾಂಸವನ್ನು ಹೇಳಿದನೋ ಮಾತನ್ನು ಹೇಳಿದನೋ ಕೇಳುವ ಧೈರ್ಯ ನನಗಿರಲಿಲ್ಲ.

ಮಧ್ಯಾಹ್ನ ಅಕ್ಕನ ಮನೆಯ ನಡುಮನೆಯಲ್ಲಿ ಪಂಕ್ತಿ ಹಾಕಿದೆವು. ಗಂಡಿನ ಕಡೆಯವರು ಹನ್ನೆರಡು ಜನ. ಮಾಯಿಗಯ್ಯ ಮೊದಲ ಎಲೆಗೆ, ಅವರ ಪಕ್ಕ ಹುಡುಗ ಕಾಂತರಾಜು, ಕೊನೆಯ ಎಲೆಗೆ ಗಿರಿಯಮ್ಮ. ಭಾವನನ್ನು ಹಿತ್ತಲಲ್ಲಿ ಕೂರಿಸಿದ್ದೆವು. ಬಡಿಸುವವನು ನಾನು. ಮಾಯಿಗಯ್ಯ ತುಂಡು ಎತ್ತಿ, ತಿರುಗಿಸಿ ನೋಡಿ, ಮೂಸಿ ಬಾಯಿಗಿಟ್ಟರು.

ಮೊದಲು ನಕ್ಕವನು ಕಾಂತರಾಜು. ನನಗೆ ಗೊತ್ತಾಯಿತು, ಅತ್ತೆ ಅಂದರೆ ತಾಯಿಗಿಂತ ಒಂದು ಕೈ ಮೇಲು ಅಂತ ನನ್ನ ಗೊಗ್ಗರು ದನಿ ಅವನ ಕಿವಿಗೆ ಬಿದ್ದಿತ್ತು. ಆಮೇಲೆ ಒಬ್ಬೊಬ್ಬರಾಗಿ ನಕ್ಕರು. ಒಬ್ಬ ಮುದುಕ, "ಇದನ್ನ ಯಾರು ಬರೆದ್ರೋ ಅವ್ರ ಕೈಗೆ ಹುಣ್ಣಾಗ ಅಂತ ಬೈದಿದೀಯಲ್ಲೋ" ಅಂದ. ಅಕ್ಕ ಬಾಗಿಲ ಹಿಂದಿನಿಂದ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಟವಲು ಕಟ್ಟುವ ಮುಂಚೆ ಎಂದೋ ಆ ಬೈಗುಳ ಬಾಯಿಂದ ಜಾರಿಹೋಗಿರಬೇಕು.

ನಗು ಒಬ್ಬೊಬ್ಬರಲ್ಲೇ ನಿಲ್ಲುತ್ತಾ ಹೋಯಿತು. ಕೈಗಳು ಎಲೆಯ ಮೇಲೇ ನಿಂತವು. ನಾನು ಅಡುಗೆಮನೆಗೆ ಓಡಿ ಪಾತ್ರೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಹಲಸಿನ ಎಲೆ ಹರಿಯುವ ಸದ್ದು, ಅದರ ಹಿಂದೆಯೇ ಚಂಪಕ.

'ನಾನು ಚಂಪಕ. ಇದನ್ನ ಯಾರೂ ಬರ್ಕೊಟ್ಟಿಲ್ಲ. ನಮ್ಮಪ್ಪ ಕೂಗಾಡ್ತಾರೆ, ಅದು ನಿಮಗೆ ಗೊತ್ತೇ ಇರ್ತದೆ. ನಾನೂ ಕೂಗ್ತೀನಿ. ಬೆಳಗ್ಗೆ ಎದ್ದ ಗಳಿಗೇಲಿ ನನ್ನ ಮಾತಾಡಿಸ್ಬೇಡಿ. ನಾನು ಮಾಡಿದ ಮುದ್ದೆ ಗಂಟಾಗ್ತದೆ, ಹಾಕಿದ ಹೊಲಿಗೆ ಬಿಟ್ಟುಕೊಳ್ಳಲ್ಲ. ನಿಮ್ಮ ಹುಡುಗನ್ನ ಎರಡು ಸಲ ನೋಡಿದೀನಿ. ಎರಡು ಸಲಾನೂ ಅವರ ದೊಡ್ಡಪ್ಪನ ಮುಖ ನೋಡಿ ಆಮೇಲೆ ನಕ್ಕರು. ಒಬ್ರೇ ಇದ್ದಾಗ ಹೆಂಗೆ ನಗ್ತಾರೋ ನನಗೆ ಗೊತ್ತಿಲ್ಲ. ನಮ್ಮ ಮನೇದು ನೀವು ತಿಂದ್ರಿ. ನಿಮ್ಮ ಮನೇಲಿ ಯಾರು ಯಾರಿಗೆ ಏನಂತಾರೆ ಅನ್ನೋದನ್ನ ನಾನು ಎಲ್ಲಿ ತಿನ್ಲಿ?'

ನಡುಮನೆಗೆ ಮರಳಿ ಬಂದಾಗ ಕಾಂತರಾಜು ತಲೆ ತಗ್ಗಿಸಿ ಕೂತಿದ್ದ, ಕಿವಿ ಕೆಂಪಾಗಿದ್ದವು. ಮಾಯಿಗಯ್ಯ ಬಾಯಲ್ಲಿದ್ದದ್ದನ್ನು ನುಂಗಿ ನೀರು ಕುಡಿದರು. "ಹೆಣ್ಣಿನ ಕಡೆಯವರು ಕೇಳೋ ಪದ್ಧತಿ ಇಲ್ಲ" ಅಂದರು. "ತೂಗೋದು ನಮ್ಮ ಕೆಲಸ." ನೆಲಕ್ಕೆ ಕೈ ಊರಿ ಎದ್ದರು. ಎಲೆ ಹಾಗೇ ತೆರೆದಿತ್ತು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಮಂಡಿ ಎತ್ತತೊಡಗಿದರು. ಅಕ್ಕ ಬಾಗಿಲಿನ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಇನ್ನೊಂದು ತುಂಡು ಹಾಕಪ್ಪ."

ಯಾರು ಅಂದರು ಅಂತ ಒಂದು ಕ್ಷಣ ತಿಳಿಯಲಿಲ್ಲ. ಆ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಕೊನೆಯ ಎಲೆಯಲ್ಲಿ ಗಿರಿಯಮ್ಮ ಕೂತೇ ಇದ್ದರು. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಏಳುವಂತಿಲ್ಲ. ಕೇಳೂಟವಿರಲಿ, ತಿಥಿಯೂಟವಿರಲಿ, ಅದು ಎಲ್ಲರಿಗೂ ಒಂದೇ. ಮಾಯಿಗಯ್ಯ ಅರ್ಧ ಎದ್ದವರು ಹಾಗೇ ನಿಂತು, ಆಮೇಲೆ ಮೊಣಕಾಲು ಹಿಡಿದುಕೊಂಡು ಮತ್ತೆ ಕೂತರು. ಉಳಿದವರೂ ಕೂತರು.

ನಾನು ಪಕ್ಕೆಲುಬಿನ ಒಂದು ಒಳ್ಳೆಯ ತುಂಡು ಹುಡುಕಿ ಹಾಕಿದೆ. ಗಿರಿಯಮ್ಮ ಅವಸರವಿಲ್ಲದೆ, ಎಲುಬಿನ ಸುತ್ತ ಇದ್ದದ್ದನ್ನೆಲ್ಲ ಬಿಡಿಸಿ ಬಿಡಿಸಿ ತಿಂದರು. ಹನ್ನೊಂದು ಜನ ಒಣಗಿದ ಕೈ ಇಟ್ಟುಕೊಂಡು ನೋಡುತ್ತಿದ್ದರು.

"ದಿನಕ್ಕೆ ಎಷ್ಟು ಹಿಂಡಿ ಹಾಕಿದ್ರೆ ಇಂಥ ಕೊಬ್ಬು ಕಟ್ತದೆ?" ಅಂತ ನನ್ನನ್ನು ಕೇಳಿದರು.

"ಮರಿ ಇದ್ದಾಗ ಕಾಲು ಹಿಡಿ ಸಾಕವ್ವ, ನಾಲ್ಕನೇ ತಿಂಗಳಿಂದ ಒಂದು ಹಿಡಿ" ಅಂದೆ. ಬಾಯಿಯನ್ನು ನಿಲ್ಲಿಸಲಾಗಲಿಲ್ಲ, "ಹುರುಳಿ ನುಚ್ಚು ನೆನೆಸಿ ಹಾಕಿ, ಬೇವಿನ ಹತ್ರ ಬಿಡಬೇಡಿ, ಹಲಸಿನ ಸೊಪ್ಪಾದ್ರೆ ಇನ್ನೂ ಒಳ್ಳೇದು. ಒಬ್ರೇ ಹಾಕ್ಬೇಕು, ಕೈ ಬದಲಾಗಬಾರದು."

"ಯಾಕೆ ಅದೆಲ್ಲ ನಿನಗೆ?" ಅಂದರು ಮಾಯಿಗಯ್ಯ.

"ಜೋಲುಗಿವಿ ಮರಿ ಒಂದು ತರಿಸಿ ಭಾವ" ಅಂತ ಗಿರಿಯಮ್ಮ ಅವರಿಗೆ ಹೇಳಿದರು. "ಆ ಹುಡುಗಿ ಕೇಳಿದ್ದು ನ್ಯಾಯವಾಗೇ ಇದೆ. ಅವಳು ತಿಂದು ನೋಡಿ ಒಪ್ಪಿದ್ರೆ ಮದುವೆ. ಮೇವು ನಾನು ಹಾಕ್ತೀನಿ."

"ಹತ್ತು ತಿಂಗಳು ಮೇಕೆ ಮುಂದೆ ನಿಂತು ನೀನು ಏನು ಮಾತಾಡ್ತೀಯ?"

ಗಿರಿಯಮ್ಮ ಎಲುಬನ್ನು ಎಲೆಯ ಅಂಚಿಗೆ ಇಟ್ಟರು.

"ಮೂವತ್ತೊಂದು ವರ್ಷದ ಮಾತಿದೆ ಭಾವ" ಅಂದರು. "ಒಂದು ಮೇಕೆ ಸಾಲ್ತದೋ ಇಲ್ವೋ."